ಹೊಸ ಗಾಡಿಗೆ ಅವ್ವಣ್ಣನ ಆಯೇರಿ

ಕಾತ್ರಜದ ಚೌಕ ದಾಟಿ ಸಾತಾರದ ಕಡೆ ನಾಲ್ಕು ಹೆಜ್ಜೆ ಹಾಕಿದರೆ ರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು. ಅದಕ್ಕೆ ಬೋರ್ಡಿಲ್ಲ. ಮೂವತ್ತು ವರ್ಷದಲ್ಲಿ ಬೋರ್ಡು ಬರೆಸಬೇಕೆಂದು ಅವ್ವಣ್ಣನಿಗೆ ಒಮ್ಮೆಯೂ ಅನ್ನಿಸಿಲ್ಲ. ಬರೆಸಿದ್ದರೂ ಅದರಲ್ಲಿ ತನ್ನ ಹೆಸರು ನೆಟ್ಟಗಿದೆಯೋ ಇಲ್ಲವೋ ಎಂದು ಓದಿ ನೋಡುವುದು ಅವನಿಂದ ಆಗುತ್ತಿರಲಿಲ್ಲ. ಸೇಡಂ ಕಡೆಯಿಂದ ಪುಣೆಗೆ ಕಲ್ಲು ಹೊರಲು ಬಂದವನು. ಕಲ್ಲಿನ ಲಾರಿ ಕೆಟ್ಟು ನಿಂತಾಗಲೆಲ್ಲ ಅದರ ಕೆಳಗೆ ನುಸುಳಿ ನುಸುಳಿಯೇ ಮಿಸ್ತ್ರಿಯಾದವನು. ಯಾರೂ ಕೂರಿಸಿ ಕಲಿಸಲಿಲ್ಲ. ಕದ್ದು ನೋಡಿದ್ದೇ ಅವನ ಶಾಲೆ.

ಅವನ ಸರ್ಟಿಫಿಕೇಟು ಎಂದರೆ ಬಲಗೈಯ ಎರಡು ಬೆರಳು. ಇಂಜಿನ್ನಿನ ಆಯಿಲ್ ಅಳೆಯುವ ಗೇಜಿನ ಕಡ್ಡಿ ಎಳೆದು, ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕುತ್ತಾನೆ. ಬೆರಳು ಮೆಲ್ಲಗೆ ಬಿಡಿಸಿ ಎಳೆ ಎಷ್ಟುದ್ದ ಬರುತ್ತದೆ ನೋಡುತ್ತಾನೆ. ಆಮೇಲೆ ಮೂಗಿಗೆ ಹಿಡಿಯುತ್ತಾನೆ. "ಎಂಟು ಸಾವಿರ ಓಡ್ಯಾದ, ಇನ್ನಾ ಎರಡು ಸಾವಿರ ನಡೀತದ" ಎಂದರೆ ಮುಗಿಯಿತು. ಕಾತ್ರಜದ ನಾಕಾ ಎಂಬ ಗಾಡಿ ಅಡ್ಡೆಯಲ್ಲಿ ದಿನಾ ಬೆಳಿಗ್ಗೆ ಬಾಡಿಗೆಗೆ ನಿಲ್ಲುವ ಪಿಕಪ್‌ಗಳು ಮೂವತ್ತಕ್ಕೆ ಕಡಿಮೆಯಿಲ್ಲ. ಇಟ್ಟಿಗೆ, ಮರಳು, ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಪ್ಲೇಟು, ಬೊಂಬು ಹೊರುವ ಗಾಡಿಗಳು. ಅವುಗಳಲ್ಲಿ ಅರ್ಧಕ್ಕರ್ಧ ನಮ್ಮ ಕಲಬುರಗಿ, ಯಾದಗಿರಿ ಕಡೆಯವರವು. ಆ ಗಾಡಿಗಳಿಗೆ ಯಾವ ಆಯಿಲ್ ಹಾಕಬೇಕು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅವ್ವಣ್ಣನ ಬೆರಳು ಹೇಳಿದ್ದೇ ಆಯಿಲ್.

ಇವರಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮದುವೆಯಲ್ಲಿ ಬೀಗರಿಗೆ ಬಟ್ಟೆ ಕೊಟ್ಟು ಆಯೇರಿ ಮಾಡುತ್ತಾರಲ್ಲ, ಹಾಗೆ ನಾಕಾಕ್ಕೆ ಯಾರದೇ ಹೊಸ ಗಾಡಿ ಬಂದರೂ ಅದಕ್ಕೆ ಅವ್ವಣ್ಣನದೊಂದು ಆಯೇರಿ. ಕಂಪನಿ ತುಂಬಿ ಕಳಿಸಿದ ಆಯಿಲನ್ನು ಬಸಿದು ತೆಗೆದು, ತನ್ನ ಕೈಯಾರೆ ದಪ್ಪನೆಯ ಹೊಸ ಆಯಿಲ್ ಸುರಿಯುವುದು. ಆಮೇಲೆ ಕಾಯಿ ಒಡೆಯುವುದು. ಅಲ್ಲಿಯತನಕ ಗಾಡಿ ಮನೆಗೆ ಬಂದ ಹಾಗಲ್ಲ.

ಶರಣಮ್ಮ ಹೊಸ ಪಿಕಪ್ ತಂದ ದಿನವೂ ಹಾಗೆಯೇ ಆಯಿತು. ಅವಳು ಹನ್ನೊಂದು ವರ್ಷ ಇದೇ ಪುಣೆಯ ಕಟ್ಟಡಗಳಲ್ಲಿ ಸೆಂಟ್ರಿಂಗ್ ಪ್ಲೇಟನ್ನು ತಲೆಯ ಮೇಲೆ ಹೊತ್ತವಳು. ಗಂಡ ಅಂಬಾದಾಸ ಸೆಂಟ್ರಿಂಗ್ ಕಟ್ಟುತ್ತಾನೆ. "ಹೊರೋದು ಹೊರ್ತೀನಿ, ತಲಿ ಬದಲಿ ಚಕ್ರದ ಮ್ಯಾಲ ಹೊರ್ತೀನಿ" ಎಂದು ಅವಳು ಹಟ ಹಿಡಿದಾಗ ನಾಕಾದ ಗಂಡಸರು ಹಲ್ಲು ಕಿಸಿದಿದ್ದರು. ಖಾಲಿ ಮೈದಾನದಲ್ಲಿ ಅವಳಿಗೆ ಕ್ಲಚ್ಚು ಗೇರು ಕಲಿಸಿದವನು ಅವ್ವಣ್ಣ ಒಬ್ಬನೇ. ಎರಡು ವರ್ಷ ಹಳೆಯ ಗಾಡಿ ಬಾಡಿಗೆಗೆ ಓಡಿಸಿ, ಈಗ ತನ್ನದೇ ಹೆಸರಿನಲ್ಲಿ ಹೊಸದು ತಂದಿದ್ದಳು.

"ಕಾಕಾ, ಶೋರೂಮಿನಾಗ ಆಯಿಲ್ ತುಂಬೇ ಕೊಟ್ಟಾರ್ರೀ. ಇನ್ನಾ ಐನೂರು ಕಿಲೋಮೀಟರ್ ಸೈತ ಆಗಿಲ್ಲ" ಎಂದು ಅವಳು ಅನುಮಾನಿಸಿದಳು.

"ಅದು ಆಯಿಲ್ ಏನವ್ವಾ? ನೀರದ ನೀರು. ನೋಡಿಲ್ಲಿ, ಬೆರಳಿನಾಗ ಎಳೀನೇ ನಿಂದ್ರವಲ್ದು. ಇದರ ಮ್ಯಾಲ ನೀ ಟನ್ನಗಟ್ಲೆ ಪ್ಲೇಟ್ ಎಳೀತಿ?"

"ಹಂಗಂದ್ರ ಕಂಪನ್ಯಾವ್ರು ಹುಚ್ಚರೇನ್ರಿ?"

"ಹುಚ್ಚರಲ್ಲ, ಭಾಳ ಶಾಣ್ಯಾರು! ತೆಳ್ಳಂದು ಹಾಕಿದ್ರ ಇಂಜಿನ್ ಲಗೂ ಸವೀತದ. ಸವೆದ್ರ ನೀ ಲಗೂ ಅವರ ಬಾಗಲಿಗಿ ಹೋಗ್ತಿ."

ಸುತ್ತ ನಿಂತವರೆಲ್ಲ ನಕ್ಕರು. ನಗದೆ ಏನು ಮಾಡುತ್ತಾರೆ? ಈ ಜನರ ಅನುಭವದಲ್ಲಿ ದೊಡ್ಡ ಬಾಗಿಲಿನ ಹಿಂದೆ ಕೂತವರು ಬಡವನ ಒಳಿತಿಗೆ ಏನಾದರೂ ಮಾಡಿದ್ದು ಯಾವಾಗ? ಅವ್ವಣ್ಣನ ಅನುಮಾನವನ್ನು ಅಜ್ಞಾನ ಎಂದು ಕರೆಯುವ ಮೊದಲು ಶರಣಮ್ಮನಿಗೆ ಆ ಶೋರೂಮು ಏನು ಕೊಟ್ಟಿತು ನೋಡಿ. ಒಂದು ಹಾರ, ಒಂದು ಪೇಡೆ ಡಬ್ಬಿ, ಕೀಲಿಕೈ ಹಿಡಿದು ನಿಂತ ಒಂದು ಫೋಟೊ, ಮತ್ತು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಇನ್ನೂರು ಪುಟದ ಇಂಗ್ಲಿಷ್ ಪುಸ್ತಕ. ಯಾವ ಆಯಿಲ್ ಹಾಕಬೇಕು, ಯಾವ ದೀಪ ಹತ್ತಿದರೆ ಏನು ಮಾಡಬೇಕು, ಎಲ್ಲ ಅದರಲ್ಲಿದೆ. ಅದನ್ನು ಓದಬಲ್ಲವರು ಪ್ಲೇಟು ಹೊರುವ ಪಿಕಪ್ ಓಡಿಸುವುದಿಲ್ಲ. ಓಡಿಸುವವರಿಗೆ ಅದು ಓದಲು ಬರುವುದಿಲ್ಲ ಎನ್ನುವುದು ಅಚ್ಚು ಹಾಕಿಸಿದವರಿಗೆ ಚೆನ್ನಾಗಿ ಗೊತ್ತು. ಮರಾಠಿಯಲ್ಲಿ ನಾಲ್ಕು ಪುಟ, ಕನ್ನಡದಲ್ಲಿ ನಾಲ್ಕು ಪುಟ ಅಚ್ಚು ಹಾಕಿಸಿದ್ದರೆ ಯಾರ ಗಂಟು ಹೋಗುತ್ತಿತ್ತು? ನಾಳೆ ಗಾಡಿ ಕೆಟ್ಟರೆ "ಪುಸ್ತಕದಲ್ಲಿ ಬರೆದಿದ್ದೆವಲ್ಲ" ಎಂದು ಕೈ ತೊಳೆದುಕೊಳ್ಳಲು ಮಾತ್ರ ಆ ಪುಸ್ತಕ. ಶರಣಮ್ಮ ಅದನ್ನು ಸೀಟಿನ ಹಿಂದೆ ಸಿಕ್ಕಿಸಿ, ಮೇಲೆ ಊಟದ ಬುತ್ತಿ ಇಡುತ್ತಿದ್ದಳು.

ಆಯೇರಿ ಮುಗಿಯಿತು. ಹೊರಡುವಾಗ ಅವಳು ಮತ್ತೊಂದು ಮಾತು ಕೇಳಿದಳು.

"ಕಾಕಾ, ಒಮ್ಮೊಮ್ಮೆ ನಿಂತಲ್ಲೇ ಗುರ್ ಅಂತದ್ರಿ. ಫ್ಯಾನ್ ಒಂದೇ ಸವನೆ ತಿರಗ್ತದ. ಯಾಕ್ರಿ?"

"ಕಾಯ್ದಿರ್ತದ, ಮತ್ಯಾಕ? ಬಂದ್ ಮಾಡಿಬಿಡು. ತಣ್ಣಗಾಗ್ಲಿ."

ಅವಳು ತಲೆಯಾಡಿಸಿದಳು.

ಮೂರು ತಿಂಗಳು ಗಾಡಿ ಓಡಿತು. ಓಡಿತು ಎನ್ನುವುದೂ ದೊಡ್ಡ ಮಾತು, ತೆವಳಿತು. ಕಾತ್ರಜದಿಂದ ಆಂಬೆಗಾಂವ್, ಅಲ್ಲಿಂದ ಧನಕವಡಿ. ಮೂರು ಕಿಲೋಮೀಟರಿಗೆ ಒಂದು ಗಂಟೆ ನುಂಗುವ ರಸ್ತೆಗಳು. ಸಿಗ್ನಲ್ಲಿನಲ್ಲಿ ಗಾಡಿ ಗುರ್ ಎಂದಾಗಲೆಲ್ಲ ಶರಣಮ್ಮ ನಿಯತ್ತಾಗಿ ಕೀಲಿ ತಿರುಗಿಸಿ ಬಂದ್ ಮಾಡುತ್ತಿದ್ದಳು. ಒಂದು ಶನಿವಾರ ಬೆಳಿಗ್ಗೆ ಸ್ಟೇರಿಂಗಿನ ಮುಂದೆ ಹಳದಿ ದೀಪ ಹತ್ತಿತು, ಆರಲಿಲ್ಲ. ಏರು ಬಂದರೆ ಗಾಡಿ ಏದುಸಿರು ಬಿಡತೊಡಗಿತು. ಅವಳು ನೇರ ಅವ್ವಣ್ಣನ ಶೆಡ್ಡಿಗೆ ತಂದು ನಿಲ್ಲಿಸಿದಳು.

ಅವ್ವಣ್ಣ ರೂಢಿಯಂತೆ ಕಡ್ಡಿ ಎಳೆದ. ಆಯಿಲ್ ಕಡಿಮೆಯಾಗಿರಲಿಲ್ಲ. ಮೇಲಿನ ಗೆರೆಯನ್ನೂ ದಾಟಿ ಒಂದು ಬೆರಳು ಏರಿತ್ತು.

ಈ ವರ್ಷವೇ ಹೊಸ ಇಟ್ಟಿಗೆ ಗಾಡಿ ತಂದಿದ್ದ ಧರ್ಮರಾಜ ಹೆಗಲ ಮೇಲಿಂದ ಇಣುಕಿ ನೋಡಿ ಕೂಗಿದ. "ಏ, ಬರ್ರಿ ಇಲ್ಲಿ! ಮೂರು ತಿಂಗಳಾದ್ರೂ ಒಂದು ಹನಿ ಕಮ್ಮಿ ಆಗಿಲ್ಲ. ಅವ್ವಣ್ಣನ ಆಯಿಲ್ ಮರಿ ಹಾಕ್ಯಾದ ನೋಡ್ರಿ!"

ನಾಕಾದವರೆಲ್ಲ ಹೋ ಎಂದರು. ಒಬ್ಬ ಶಿಳ್ಳೆ ಹೊಡೆದ. "ದೀಪದ್ದು ವೈರಿಂಗ್ ಫಾಲ್ಟ್ ಇರಬೇಕು ತಗೋ, ಕಂಪನೀದೇ ಹುಳುಕು" ಎಂದ ಇನ್ನೊಬ್ಬ.

ಅವ್ವಣ್ಣ ನಗಲಿಲ್ಲ. ಹನಿಯನ್ನು ಬೆರಳಿನ ನಡುವೆ ತಿಕ್ಕಿದ. ತಾನು ಸುರಿದ ದಪ್ಪ ಆಯಿಲ್ ಎಳೆಯೇ ಬಿಡದೆ ನೀರಿನ ಹಾಗೆ ಜಾರಿಹೋಯಿತು. ಮೂಗಿಗೆ ಹಿಡಿದ. ಡೀಸೆಲ್ಲಿನ ವಾಸನೆ ಘಾಟಾಗಿ ಹೊಡೆಯಿತು. ಆಯಿಲ್ ಮರಿ ಹಾಕಿರಲಿಲ್ಲ. ಅದರೊಳಗೆ ಡೀಸೆಲ್ ಇಳಿದಿತ್ತು. ಎಲ್ಲಿಂದ ಇಳಿಯಿತು, ಯಾಕೆ ಇಳಿಯಿತು, ಅದು ಅವನಿಗೆ ತಿಳಿಯಲಿಲ್ಲ. ತನ್ನ ಕೈಯಿಂದ ಏನೋ ಆಗಿದೆ ಎನ್ನುವುದು ಮಾತ್ರ ತಿಳಿಯಿತು.

"ಏನರ ದೊಡ್ಡದೈತೇನ್ರಿ ಕಾಕಾ?" ಶರಣಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ಏನಿಲ್ಲವ್ವಾ. ಇವತ್ತ ಗಾಡಿ ಇಲ್ಲೇ ಇರ್ಲಿ. ನಾಳಿಗಿ ನೋಡೂಣು."

ಅವಳಿಗೆ ಅವನು ಹೇಳಿದ ಮೊದಲ ಸುಳ್ಳು ಅದು. ಬೆರಳನ್ನು ಚಿಂದಿಯಲ್ಲಿ ಎಷ್ಟು ಒರೆಸಿಕೊಂಡರೂ ಡೀಸೆಲ್ಲಿನ ವಾಸನೆ ಹೋಗಲಿಲ್ಲ.

ಮಧ್ಯಾಹ್ನ ಯಾರಿಗೂ ಹೇಳದೆ, ಅದೇ ಆಯಿಲನ್ನು ಔಷಧದ ಸಣ್ಣ ಬಾಟಲಿಯೊಂದಕ್ಕೆ ತುಂಬಿಕೊಂಡು, ಎರಡು ಬಸ್ ಬದಲಿಸಿ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದ. ಗೇಟಿನವನು ಅವನ ಅಂಗಿಯನ್ನೂ ಕೈಯ ಮಸಿಯನ್ನೂ ನೋಡಿ, "ಗಾಡಿ ಎಲ್ಲಿದೆ? ಗಾಡಿ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ" ಎಂದ. ಜೀವಮಾನವೆಲ್ಲ ಗಾಡಿಯ ಹೊಟ್ಟೆಯ ಕೆಳಗೆ ಕಳೆದವನಿಗೆ, ಗಾಡಿ ರಿಪೇರಿಯ ಜಾಗದೊಳಗೆ ಹೋಗಲು ಗಾಡಿ ಬೇಕು! ಅವ್ವಣ್ಣ ಜಗಳವಾಡಲಿಲ್ಲ. ಎದುರಿನ ಚಹದ ಟಪರಿಯಲ್ಲಿ ಕೂತು ಗೇಟು ನೋಡುತ್ತ ಕಾದ.

ನಾಲ್ಕರ ಸುಮಾರಿಗೆ ನೀಲಿ ಸಮವಸ್ತ್ರದ ಹುಡುಗಿಯೊಬ್ಬಳು ಚಹಕ್ಕೆ ಬಂದಳು. ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು. ಅವನಿಗೆ ಅದನ್ನು ಓದಲು ಬರಲಿಲ್ಲ. ಆದರೆ ಅವಳ ಉಗುರಿನ ಸಂದಿಯಲ್ಲಿ ಗ್ರೀಸು ಕಂಡಿತು. ಅದನ್ನು ಓದಿದ. ಎದ್ದು ಹೋಗಿ, ತನ್ನ ಒರಟು ಮರಾಠಿಯಲ್ಲಿ "ತಾಯಿ, ಇದರ ವಾಸನಿ ನೋಡ್ತೀಯೇನು?" ಎಂದು ಬಾಟಲಿ ಚಾಚಿದ.

ಅವಳ ಹೆಸರು ದೀಪಾಲಿ. ಬೇರೆ ಯಾರಾದರೂ ಆಗಿದ್ದರೆ ಮುದುಕನಿಗೆ ತಲೆ ಕೆಟ್ಟಿದೆ ಎಂದು ದೂರ ಸರಿಯುತ್ತಿದ್ದರು. ಅವಳು ಚಹದ ಗ್ಲಾಸು ಬದಿಗಿಟ್ಟು, ಬಾಟಲಿ ಮೂಸಿ, ಒಂದು ಹನಿಯನ್ನು ಬೆರಳಿನ ನಡುವೆ ಹಿಡಿದು ತಿಕ್ಕಿದಳು. ಅವ್ವಣ್ಣನ ಹಾಗೆಯೇ.

"ಡೀಸೆಲ್ ಸೇರಿದೆ. ಹೊಸ ಗಾಡಿಯಾ ಕಾಕಾ? ಹಳದಿ ದೀಪ ಹತ್ತಿದೆಯಾ?"

ಅವನು ಎಲ್ಲವನ್ನೂ ಹೇಳಿದ. ತಾನು ಬಸಿದು ತೆಗೆದದ್ದು, ಸುರಿದದ್ದು, ಗುರ್ ಎಂದಾಗ ಬಂದ್ ಮಾಡು ಎಂದದ್ದು.

ದೀಪಾಲಿ ಬೈಯಲಿಲ್ಲ. ಹೊಸ ಡೀಸೆಲ್ ಗಾಡಿಗಳ ಸೈಲೆನ್ಸರಿಗೆ ಹೋಗುವ ದಾರಿಯಲ್ಲಿ ಒಂದು ಜಾಲರಿಯ ಡಬ್ಬಿ ಇರುತ್ತದೆ ಎಂದಳು. ಹೊಗೆಯ ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿತು ಅನ್ನಿಸಿದಾಗ ಗಾಡಿ ತಾನೇ ಹೆಚ್ಚು ಡೀಸೆಲ್ ಬಿಟ್ಟು, ಡಬ್ಬಿ ಕಾಯಿಸಿ, ಮಸಿ ಸುಡುತ್ತದೆ. ಗುರ್ ಎನ್ನುವುದು ಆಗಲೇ. ಸುಡುವ ಹೊತ್ತಿನಲ್ಲಿ ಬಂದ್ ಮಾಡಿದರೆ ಮಸಿ ಅಲ್ಲೇ ಉಳಿಯುತ್ತದೆ, ಹೆಚ್ಚಿನ ಡೀಸೆಲ್ ಸೋರಿ ಕೆಳಗಿನ ಆಯಿಲಿಗೆ ಇಳಿಯುತ್ತದೆ.

"ಅದಾಯ್ತು. ದಪ್ಪ ಆಯಿಲ್ ಹಾಕಿದ್ದು ತಪ್ಪೇನು ತಾಯಿ? ಇಂಜಿನ್ನಿಗೆ ಬಲ ಅಲ್ಲೇನು?"

"ದಪ್ಪ, ತೆಳು ಒಂದು ಲೆಕ್ಕ ಕಾಕಾ. ಹೊಸ ಇಂಜಿನ್ನಿನ ಸಂದುಗಳು ಸಣ್ಣವು, ತೆಳುವಾದದ್ದೇ ಒಳಗೆಲ್ಲ ಬೇಗ ತಲುಪುತ್ತದೆ. ಇನ್ನೊಂದು ಲೆಕ್ಕ ಇದೆ, ಅದು ಬೆರಳಿಗೆ ಸಿಗುವುದಿಲ್ಲ. ಆಯಿಲ್ ಸ್ವಲ್ಪ ಸ್ವಲ್ಪ ಉರಿಯುತ್ತದಲ್ಲ, ಉರಿದರೆ ಬೂದಿ ಬರುತ್ತದೆ. ನೀವು ಹಾಕಿದ್ದರಲ್ಲಿ ಬೂದಿ ಹೆಚ್ಚು. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಜಾಲರಿಯಲ್ಲೇ ಕೂತುಬಿಡುತ್ತದೆ."

ಅವ್ವಣ್ಣನ ಕಣ್ಣ ಮುಂದೆ ಮನೆಯ ಒಲೆ ಬಂತು. ಕೆಂಡವನ್ನು ಮತ್ತೆ ಉರಿಸಬಹುದು. ಬೂದಿಗೆ ಎಷ್ಟು ಊದಿದರೇನು?

"ಹಂಗಾದ್ರ ಗಾಡಿ ಸತ್ತಂಗೇನು?" ಎಂದು ಕೇಳಿದ.

"ಇಲ್ಲ ಕಾಕಾ! ಮೂರೇ ತಿಂಗಳು ಆಗಿದೆ, ಬೂದಿ ಇನ್ನೂ ಹೆಚ್ಚು ಕೂತಿರುವುದಿಲ್ಲ. ಮೊದಲು ಈ ಆಯಿಲ್ ತೆಗೆದು ಸರಿಯಾದದ್ದು ಹಾಕಿ, ಫಿಲ್ಟರೂ ಬದಲಿಸಿ. ಆಮೇಲೆ ಹೈವೇಗೆ ಒಯ್ದು ಅರ್ಧ ಗಂಟೆ ಒಂದೇ ಸವನೆ ಓಡಿಸಿ, ನಡುವೆ ನಿಲ್ಲಿಸಬೇಡಿ. ದೀಪ ಆರದಿದ್ದರೆ ಮಾತ್ರ ಇಲ್ಲಿಗೆ ತನ್ನಿ. ಆಯಿಲ್ ಕೊಳ್ಳುವಾಗ ಡಬ್ಬಿಯ ಮುಂದಿನ ಹುಲಿ, ಸಿಂಹದ ಚಿತ್ರ ನೋಡಬೇಡಿ. ಹಿಂದಿನ ಸಣ್ಣ ಅಕ್ಷರ ನೋಡಿ."

"ಸಣ್ಣದೇನು ತಾಯಿ, ನನಗ ದೊಡ್ಡ ಅಕ್ಷರಾನೂ ಬರಾಂಗಿಲ್ಲ."

ದೀಪಾಲಿ ಅವನನ್ನು ನೋಡಿದಳು. ಸರ್ವಿಸ್ ಸೆಂಟರಿನ ಒಳಗೆ ಹೋದಳು. ಹತ್ತು ನಿಮಿಷದ ಮೇಲೆ ಬಂದವಳ ಕೈಯಲ್ಲಿ, ಖಾಲಿ ಡಬ್ಬಿಯಿಂದ ಕತ್ತರಿಸಿದ ಬೆರಳುದ್ದದ ಒಂದು ಪ್ಲಾಸ್ಟಿಕ್ ತುಂಡಿತ್ತು. ಅದರ ಮೇಲೆ ಎರಡು ಸಾಲು. "ಇದೇ ಗುರುತು ಹೊಸ ಡಬ್ಬಿಯ ಮೇಲೆ ಇದ್ದರೆ ತೆಗೆದುಕೊಳ್ಳಿ. ಒಂದೂ ಗೆರೆ ಹೆಚ್ಚು ಕಡಿಮೆ ಇರಬಾರದು. ಇದು ಈ ಗಾಡಿಗೆ ಮಾತ್ರ, ಬೇರೆ ಗಾಡಿಗೆ ಅದರದೇ ಗುರುತು ಬೇರೆ. ಹಳೆಯ ಗಾಡಿಗಳಿಗೆ ನಿಮ್ಮ ದಪ್ಪ ಆಯಿಲೇ ಸರಿ ಕಾಕಾ, ಅದನ್ನು ಬಿಡಬೇಡಿ." ಆಮೇಲೆ ಬಾಟಲಿ ವಾಪಸು ಕೊಡುತ್ತ ಅಂದಳು: "ಇಲ್ಲಿಗೆ ಬರುವವರಿಗೆ ಇಂಜಿನ್ ಜಾಮಾದ ಮೇಲೆ ಗೊತ್ತಾಗುತ್ತದೆ. ನಿಮಗೆ ಮೂಗಿನಿಂದಲೇ ಗೊತ್ತಾಯಿತು."

ಮರಳುವ ಬಸ್ಸಿನಲ್ಲಿ ಅವ್ವಣ್ಣ ಕಿಟಕಿಗೆ ತಲೆ ಆನಿಸಿ ಕೂತ. ಕೆಲಸ ಸುಲಭವಿತ್ತು. ನಾಳೆ ಆಯಿಲ್ ಬದಲಿಸುವುದು, ಓಡಿಸುವುದು. ದೀಪ ಆರಿದರೆ ಮುಗಿಯಿತು. "ವೈರಿಂಗ್ ಇತ್ತು, ಕಂಪನೀದೇ ಹುಳುಕು" ಎಂದರೆ ಶರಣಮ್ಮ ನಂಬುತ್ತಾಳೆ. ನಾಕಾದವರು ಇನ್ನೊಂದು ಶಿಳ್ಳೆ ಹೊಡೆಯುತ್ತಾರೆ. ನಿಜ ಹೇಳಿದರೆ? ಓದಲು ಬಾರದ, ಊರು ಬಿಟ್ಟು ಬಂದ ಮುದುಕನಿಗೆ ಈ ನಗರದಲ್ಲಿ ಇದ್ದದ್ದು ಎರಡು ಬೆರಳಿನ ಮೇಲಿನ ನಂಬಿಕೆ ಒಂದೇ. ಅದೂ ಹೋದರೆ ಅವನು ಯಾರು?

ಮರುದಿನ ಭಾನುವಾರ. ಗಾಡಿಗಳಿಲ್ಲದ ಹೊತ್ತು ನೋಡಿ ಅವ್ವಣ್ಣ ಶರಣಮ್ಮನನ್ನು ಕರೆಸಿದ. ಅಂಗಡಿಯಲ್ಲಿ ಪ್ಲಾಸ್ಟಿಕ್ ತುಂಡನ್ನು ಡಬ್ಬಿಗೆ ಹಿಡಿದು, ಗೆರೆಗೆ ಗೆರೆ ಕೂಡಿಸಿ ಮೂರು ಸಲ ನೋಡಿ ತಂದ ಆಯಿಲ್ ಅದು. ಹಳೆಯದನ್ನು ಬಸಿದು, ಫಿಲ್ಟರು ಬದಲಿಸಿ, ಹೊಸದನ್ನು ಸುರಿದ.

"ಏನ್ರಿ ಕಾಕಾ, ಮರಿ ಹಾಕಿದ ಆಯಿಲ್ ಚೆಲ್ಲಾಕತ್ತೀರಿ?" ಎಂದು ಅವಳು ನಗಾಡಿದಳು. "ಇದು ನೀರಿನಂಗ ಅದಲ್ರಿ!"

"ನಡಿ, ಹೈವೇಕ್ಕ ಹೋಗೂಣು. ದಾರ್ಯಾಗ ಹೇಳ್ತೀನಿ. ಒಂದು ಮಾತು, ನಾ ಹೇಳೋತನಕಾ ಗಾಡಿ ನಿಲ್ಲಸಬ್ಯಾಡ."

ಬೈಪಾಸಿಗೆ ಹತ್ತಿ, ಕಾತ್ರಜದ ಸುರಂಗ ಹೊಕ್ಕು ಆಚೆ ಬಂದರು. ಸಾತಾರದ ರಸ್ತೆ ಬೆಳಗಿನ ಬಿಸಿಲಿನಲ್ಲಿ ಉದ್ದಕ್ಕೆ ಚಾಚಿತ್ತು. ಗಾಡಿ ಅರವತ್ತರಲ್ಲಿ ಹೊರಟಿತು. ಹಳದಿ ದೀಪ ಉರಿಯುತ್ತಲೇ ಇತ್ತು.

"ಶರಣವ್ವಾ."

"ಹೇಳ್ರಿ."

"ಗಾಡಿ ಕೆಟ್ಟಿದ್ದು ಕಂಪನಿಯಿಂದ ಅಲ್ಲವ್ವಾ. ನನ್ನಿಂದ."

ಅವಳು ತಿರುಗಿ ನೋಡಿದಳು. "ರಸ್ತಾ ನೋಡು" ಎಂದ ಅವ್ವಣ್ಣ. ಆಮೇಲೆ ತಾನೂ ರಸ್ತೆಯನ್ನೇ ನೋಡುತ್ತ, ದೀಪಾಲಿ ಹೇಳಿದ್ದೆಲ್ಲವನ್ನೂ ಒಂದೂ ಬಿಡದೆ ಹೇಳಿದ. ಮಸಿ, ಬೂದಿ, ಗುರ್ ಎನ್ನುವುದು, ಬಂದ್ ಮಾಡು ಎಂದ ಮಾತು. ನಿನ್ನೆ "ಏನಿಲ್ಲ" ಎಂದಾಗಲೇ ಡೀಸೆಲ್ ಮೂಗಿಗೆ ಬಡಿದಿತ್ತು ಎನ್ನುವುದನ್ನೂ.

ಒಂದು ಲಾರಿ ಹಿಂದೆ ಬಿತ್ತು. ಇನ್ನೊಂದು ಬಿತ್ತು. ಸ್ಟೇರಿಂಗ್ ಹಿಡಿದ ಶರಣಮ್ಮನ ಬೆರಳಿನ ಗಂಟುಗಳು ಬಿಳುಚಿದ್ದವು.

"ಗಾಡಿ ಕೊಡೋ ದಿನ ಶೋರೂಮಿನ ಹುಡುಗ ಹೇಳಿದ್ದ" ಎಂದಳು ಕೊನೆಗೆ. "ಫೋಟೊ ತಗೀತಾ ತಗೀತಾ ಹಿಂದಿಯೊಳಗ ಹೇಳಿದ್ದ. ಗುರ್ ಅಂದ್ರ ಬಂದ್ ಮಾಡಬ್ಯಾಡ್ರಿ ಅಂತ. ಅದಕ್ಕಽ ನಾ ನಿನ್ನ ಕೇಳಿದ್ದು. ಅವನ ಮಾತ ಖರೇನೋ ಸುಳ್ಳೋ ಅಂತ. ನೀ ಬಂದ್ ಮಾಡು ಅಂದಿ, ನಾ ಮಾಡಿದೆ. ದಿನಾ ಮಾಡಿದೆ!"

"ಹೌದವ್ವಾ."

"ಬರೇ ಹೌದಂದ್ರ? ಹನ್ನೊಂದು ವರ್ಷ ತಲಿ ಮ್ಯಾಲ ಹೊತ್ತು ತಂದ ಗಾಡಿ ಇದು. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕಿತ್ತಿಲ್ಲೋ? ನಿನ್ನಿ ಮತ್ತ ಏನಿಲ್ಲ ಅಂದಿ. ಅದು ಯಾಕ?"

"ಅಂಜಿದೆ."

"ಯಾರಿಗಿ?"

"ನಿನಗಽ. ನೀ ಇನ್ನ ಮ್ಯಾಲ ನನ್ನ ಕಡಿ ಗಾಡಿ ತರಾಂಗಿಲ್ಲ ಅಂತ."

ಅವಳು ಗೇರು ಜೋರಾಗಿ ಬದಲಿಸಿದಳು. "ಇಲ್ಲೇ ಇಳಿಸಿ ಹೋಗತಿದ್ದೆ ನಿನ್ನ. ಏನ್ ಮಾಡ್ಲಿ, ಗಾಡಿ ನಿಲ್ಲಸಾಂಗಿಲ್ಲ!"

ಅವ್ವಣ್ಣ ತಲೆ ತಗ್ಗಿಸಿದ. ಅವನಿಗೇ ಗೊತ್ತಿಲ್ಲದೆ ಭುಜ ಕುಲುಕಿತು. ಅಳುತ್ತಿದ್ದಾನೆ ಎಂದುಕೊಂಡು ಅವಳು ಗಾಬರಿಯಾಗಿ ನೋಡಿದರೆ ಮುದುಕ ನಗುತ್ತಿದ್ದ. ಕಣ್ಣಲ್ಲಿ ನೀರೂ ಇತ್ತು. "ನಗ್ತಿಯಲ್ಲೋ ಕಾಕಾ, ನಾಚಿಕಿ ಬರಂಗಿಲ್ಲ?" ಎಂದು ಗದರಲು ಹೋದವಳಿಗೆ ತಾನೇ ತಡೆಯಲಾಗದೆ ನಗು ಬಂತು. ಮತ್ತೆ ಬೈದಳು. ಮತ್ತೆ ನಕ್ಕಳು. ಪ್ಲೇಟು ಹೊರುತ್ತಿದ್ದ ಕಾಲದ ಕುತ್ತಿಗೆ ನೋವಿನಿಂದ ಹಿಡಿದು ನಾಕಾದವರ ಶಿಳ್ಳೆಯವರೆಗೆ ಎಲ್ಲವನ್ನೂ ಅವನ ಮೇಲೆ ಸುರಿದಳು. ಅವನು ಒಂದಕ್ಕೂ ಎದುರಾಡಲಿಲ್ಲ.

ದೀಪ ಯಾವಾಗ ಆರಿತೋ ಇಬ್ಬರೂ ನೋಡಲೇ ಇಲ್ಲ. ಖೇಡ್ ಶಿವಾಪುರದ ಹತ್ತಿರ ಏರಿನಲ್ಲಿ ಗಾಡಿ ಏದುಸಿರಿಲ್ಲದೆ ಹತ್ತಿದಾಗ ಶರಣಮ್ಮ ಕೆಳಗೆ ನೋಡಿದಳು. "ಆರ್ಯಾದ" ಎಂದಳು ಮೆಲ್ಲಗೆ. ಅವ್ವಣ್ಣ ಬಗ್ಗಿ ನೋಡಿದ. ಅಂಗೈಯಿಂದ ಮುಖ ಒರೆಸಿಕೊಂಡ. ಮುಖಕ್ಕೆ ಮಸಿಯಾಯಿತು.

ಆದರೂ ಅವನು ಸಮಾಧಾನದಿಂದ ಕೂರಲಿಲ್ಲ. "ಶರಣವ್ವಾ, ಇದೊಂದೇ ಗಾಡಿ ಅಲ್ಲ. ಈ ವರ್ಷ ಇನ್ನಾ ನಾಕು ಹೊಸ ಗಾಡಿಗಿ ಇದೇ ಆಯೇರಿ ಮಾಡೀನಿ."

ಅವಳು ಮುಂದಿನ ತಿರುವಿನಲ್ಲಿ ಗಾಡಿಯನ್ನು ಪುಣೆಯ ಕಡೆ ಹೊರಳಿಸಿದಳು. ತುಸು ದೂರ ಬಂದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಮೊದಲ ಯಾರ ಮನಿಗಿ ಹೋಗೂಣ್ರಿ?"

"ಧರ್ಮರಾಜನ ಮನಿಗಿ. ಅವ ಭಾಳ ಬೈತಾನವ್ವಾ. ನಾಕಾದ ತುಂಬ ಹೇಳ್ತಾನ."

"ಬೈಲಿ. ನಾ ಹೊರಗ ಗಾಡಿ ಚಾಲೂ ಇಟ್ಟು ನಿಂತಿರ್ತೀನಿ" ಎಂದಳು ಶರಣಮ್ಮ. "ಬೈಸಿಕೊಂಡು ಬರ್ರಿ. ಆಮ್ಯಾಲ ಉಳದ ಮೂರು ಮನಿಗಿ ಹೋಗೂಣು."